ಹೆಬ್ಬೆರಳಷ್ಟು ಸಂದು

ನಮ್ಮಣ್ಣನನ್ನು ಈ ರಸ್ತೆಯಲ್ಲಿ ಯಾರೂ ಅವನ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ಇಲಿಯಣ್ಣ. ಇಲಿ ಕಡಿದ ಕಾರುಗಳ ವೈರು ಸರಿಮಾಡುವುದು ಅವನ ಕಸುಬು. ಆ ಹೆಸರಿನ ಬಗ್ಗೆ ಅವನಿಗೆ ಬೇಸರವಿಲ್ಲ. ಬೇಸರ ಇರುವುದು ನನಗೆ, ಯಾಕೆಂದರೆ ಅವನು ಇಲಿಯಣ್ಣನಾದ ದಿನವೇ ನಾನು ಇಲಿಯಣ್ಣನ ತಂಗಿಯಾದೆ. ಇಸ್ತ್ರಿ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷದಿಂದ ಊರಿನವರ ಅಂಗಿಯ ಸುಕ್ಕು ಬಿಡಿಸುತ್ತಾ ಬಂದಿದ್ದೇನೆ. ಒಬ್ಬರಾದರೂ ಇಸ್ತ್ರಿಯಕ್ಕ ಅನ್ನಬಾರದೇ? ಇಲ್ಲ. "ಇಲಿಯಣ್ಣನ ತಂಗಿ ಅಂಗಡೀಲಿ ಕೊಟ್ಟು ಬಾ" ಅಂತಲೇ ಬಟ್ಟೆ ಗಂಟು ಬರುತ್ತದೆ.

ಅಂಗಡಿಯ ಹಿಂದೆ ನಮ್ಮ ಮನೆ. ಮಹಡಿಯ ಮೇಲೆ ಅಣ್ಣನ ಕೋಣೆ. ಪಕ್ಕಕ್ಕೆ ಅಂಟಿಕೊಂಡ ತಗಡಿನ ಶೆಡ್ಡು ಅವನ ಗ್ಯಾರೇಜು. ಒಂದು ಕಾರು ಒಳಗೆ ಬಂದರೆ ಮನುಷ್ಯರು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ನನ್ನ ಇಸ್ತ್ರಿ ಮೇಜಿನಿಂದ ನೋಡಿದರೆ ಅವನ ಬೆನ್ನು ಕಾಣುತ್ತದೆ. ಅವನ ಮುಖಕ್ಕಿಂತ ಬೆನ್ನನ್ನೇ ನಾನು ಹೆಚ್ಚು ನೋಡಿರುವುದು. ಬಾನೆಟ್ಟಿನ ಕೆಳಗೆ ಬಗ್ಗಿದ ಬೆನ್ನು ನೋಡಿಯೇ ಒಳಗೆ ಕೆಲಸ ಸಲೀಸಾಗಿದೆಯೋ ಇಕ್ಕಟ್ಟಾಗಿದೆಯೋ ಹೇಳಬಲ್ಲೆ.

ಕಾರು ಬಂದ ತಕ್ಷಣ ಅವನು ಬಾನೆಟ್ ಎತ್ತುವುದಿಲ್ಲ. ಮೊದಲು ಸುತ್ತ ನಡೆಯುತ್ತಾನೆ. ಬಗ್ಗಿ ಟೈರಿನ ಮೇಲೆ, ಚಕ್ರದ ಹಿಂದೆ, ಕೆಳಗಿನ ಕಬ್ಬಿಣದ ಮೇಲೆ ಟಾರ್ಚು ಬಿಡುತ್ತಾನೆ. ಇಲಿ ಓಡಾಡಿದ ದಾರಿಯಲ್ಲಿ ಅದರ ಮೈಯ ಜಿಡ್ಡು ಹತ್ತಿ ಕಪ್ಪು ಗೆರೆಯೊಂದು ಬಿದ್ದಿರುತ್ತದಂತೆ. ನನಗೆ ಎಷ್ಟು ಸಲ ತೋರಿಸಿದರೂ ಕಂಡಿಲ್ಲ, ಕಂಡಿತು ಅಂತ ತಲೆಯಾಡಿಸಿದ್ದೇನೆ. ಆಮೇಲೆ ಬಾನೆಟ್ ಎತ್ತಿ, ಕೈ ಹಾಕುವ ಮುಂಚೆ ಮೂಗು ಹಾಕುತ್ತಾನೆ. ಇಲಿಯ ಉಚ್ಚೆಯ ವಾಸನೆ ಎಲ್ಲಿದೆಯೋ ಅಲ್ಲೇ ಕಡಿತ ಇರುತ್ತದೆ. ಬ್ಯಾಟರಿಯ ತಂತಿ ಬಿಚ್ಚಿ, ಸಣ್ಣ ಕನ್ನಡಿ ಹಿಡಿದು ಹುಡುಕುತ್ತಾನೆ. ಕಡಿದ ಜಾಗದಲ್ಲಿ ತಾಮ್ರ ಹೊಳೆಯುತ್ತಿರುತ್ತದೆ. ಎರಡು ತುದಿ ತಿರುಚಿ ಟೇಪು ಸುತ್ತಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ. ಇವನು ಬಣ್ಣಕ್ಕೆ ಬಣ್ಣ ಜೋಡಿಸಿ, ಬೆಸುಗೆ ಹಾಕಿ, ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ ಎಳೆದು ಬಿಸಿ ಹಿಡಿಯುತ್ತಾನೆ. ಕೊಳವೆ ಕುಗ್ಗಿ ವೈರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಷ್ಟಾದ ಮೇಲೂ ಕೆಲಸ ಮುಗಿಯಲಿಲ್ಲ. ಸೋಪಿನ ನೀರಿನಲ್ಲಿ ಇಂಜಿನ್ನಿನ ಸುತ್ತಮುತ್ತ ಒರೆಸಿ ವಾಸನೆ ತೆಗೆಯಬೇಕು, ಇಲ್ಲದಿದ್ದರೆ ಒಂದು ಇಲಿಯ ವಾಸನೆ ಹಿಡಿದು ಅದರ ಬಳಗವೆಲ್ಲ ಬರುತ್ತದೆ. ಕೊನೆಗೆ ತಂತಿ ಜಾಲರಿ ಕತ್ತರಿಸಿ, ಒಳಗೆ ನುಗ್ಗುವ ಸಂದುಗಳನ್ನೆಲ್ಲ ಮುಚ್ಚಬೇಕು. ತನ್ನ ಹೆಬ್ಬೆರಳೇ ಅವನಿಗೆ ಅಳತೆಗೋಲು. "ಹೆಬ್ಬೆರಳು ಹೋದ್ರೆ ಇಲಿ ಹೋಗತ್ತೆ" ಅನ್ನುತ್ತಾನೆ.

ಜನ ತರುವ ಉಪಾಯಗಳನ್ನು ನೋಡಿದರೆ ನನಗೆ ನಗು ತಡೆಯಲಾಗುವುದಿಲ್ಲ. ಒಬ್ಬರು ನುಸಿಗುಳಿಗೆ ಕಟ್ಟಿ ತರುತ್ತಾರೆ, ಒಬ್ಬರು ಹೊಗೆಸೊಪ್ಪು. ಮನುಷ್ಯರ ಕಿವಿಗೆ ಕೇಳದ ಸದ್ದು ಮಾಡಿ ಇಲಿ ಓಡಿಸುವ ಡಬ್ಬಿಯೊಂದನ್ನು ಒಬ್ಬ ಮೇಷ್ಟರು ಬಾನೆಟ್ಟಿನೊಳಗೆ ಕೂರಿಸಿಕೊಂಡು ಬಂದಿದ್ದರು. ಅಣ್ಣ ಮುಚ್ಚಳ ಎತ್ತಿದರೆ ಇಲಿ ಅದೇ ಡಬ್ಬಿಗೆ ಒರಗಿ ಗೂಡು ಕಟ್ಟಿತ್ತು. ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಣ್ಣ ನಗಲಿಲ್ಲ. "ಬೆಚ್ಚಗಿತ್ತು ಅನ್ಸತ್ತೆ ಸಾರ್" ಅಂದ, ಅಷ್ಟೇ.

ಅವನು ಒಂಟಿ. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅತ್ತಿಗೆ ತೀರಿಹೋದ ಮೇಲೆ ಅವನ ಮನೆಯಲ್ಲಿ ಮಾತು ನಿಂತುಹೋಯಿತು. ಅತ್ತಿಗೆ ಇದ್ದಾಗ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಮದುವೆಯಾಗಿ ಹೋದ ಮಗಳಿಗೆ ಫೋನ್ ಮಾಡುವುದು ಅವಳು, ನಗುವುದು ಅವಳು, ಗದರುವುದು ಅವಳು. ಇವನು ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಳ್ಳುವುದು. ಕೊನೆಯಲ್ಲಿ "ನಿಮ್ಮಪ್ಪನೂ ಇಲ್ಲೇ ನಿಂತಿದ್ದಾರೆ, ಚೆನ್ನಾಗಿದ್ದೀಯಾ ಅಂತ ಕೇಳ್ತಿದ್ದಾರೆ" ಅಂತ ಅವಳೇ ಹೇಳುವಳು. ಇವನು ಕೇಳಿರುತ್ತಿರಲಿಲ್ಲ, ಸುಮ್ಮನೆ ನಿಂತಿರುತ್ತಿದ್ದ. ಆದರೂ ಮಗಳಿಗೆ ಸುದ್ದಿ ಮುಟ್ಟುತ್ತಿತ್ತು.

ಈಗ ಸಂಜೆ ಶೆಡ್ಡಿನ ಬಾಗಿಲು ಎಳೆದು ಮೇಲೆ ಹೋದರೆ ಕೆಳಗೆ ನನಗೆ ಎಲ್ಲವೂ ಕೇಳಿಸುತ್ತದೆ. ಕುರ್ಚಿ ಎಳೆದ ಸದ್ದು, ನಲ್ಲಿ ಬಿಟ್ಟ ಸದ್ದು, ಆಮೇಲೆ ಏನೂ ಇಲ್ಲ. ಟೀವಿ ಹಾಕುವುದಿಲ್ಲ. ನಾನು ಊಟದ ತಟ್ಟೆ ಕಳಿಸಿದರೆ ತೊಳೆದ ತಟ್ಟೆ ವಾಪಸು ಬರುತ್ತದೆ. "ರುಚಿ ಇತ್ತಾ?" ಅಂದರೆ "ಇತ್ತು" ಅನ್ನುತ್ತಾನೆ. ಉಪ್ಪು ಹಾಕಲು ಮರೆತ ದಿನವೂ "ಇತ್ತು" ಅಂದಿದ್ದಾನೆ. ಒಮ್ಮೆ ಏನೋ ಕೇಳಲು ಮೇಲೆ ಹೋದವಳು ಬಾಗಿಲಲ್ಲೇ ನಿಂತೆ. ಅವನು ಮಂಚದ ತುದಿಯಲ್ಲಿ ಕೂತಿದ್ದ, ಬಸ್ಸಿಗೆ ಕಾಯುವವನ ಹಾಗೆ. ಕೇಳಲು ಬಂದದ್ದನ್ನು ಕೇಳದೆ ಇಳಿದು ಬಂದೆ.

ಮಗಳು ಇರುವುದು ಇದೇ ಊರಿನ ಆ ಕೊನೆಯಲ್ಲಿ. ಒಬ್ಬಳೇ ಮಗಳು, ಅವಳ ಮೇಲೆ ಇವನಿಗೆ ಪ್ರಾಣ. ಅವಳು ಕೆಟ್ಟವಳೇನಲ್ಲ. ಕೆಲಸ, ಗಂಡ, ಸಣ್ಣ ಮಗು, ಅವಳಿಗೂ ಉಸಿರಾಡಲು ಪುರಸೊತ್ತಿಲ್ಲ. ಅಮ್ಮನ ಜೊತೆ ಗಂಟೆಗಟ್ಟಲೆ ಹರಟಿದವಳಿಗೆ ಅಪ್ಪನ ಜೊತೆ ಏನು ಮಾತಾಡಬೇಕೋ ತಿಳಿಯದು. ಅಪ್ಪನಿಗಂತೂ ಮೊದಲೇ ತಿಳಿಯದು. ಹೀಗೆ ಫೋನು ಕಡಿಮೆಯಾಗುತ್ತಾ ಆಗುತ್ತಾ ನಿಂತೇಹೋಯಿತು. ನಡುವೆ ಜಗಳವಾಗಿದ್ದರೆ ರಾಜಿಯಾದರೂ ಮಾಡಿಸಬಹುದಿತ್ತು.

ಹೀಗಿರುವಾಗ ಅಳಿಯನ ಕಾರಿಗೆ ಇಲಿ ಬಿತ್ತು. ಅಳಿಯ ಆಫೀಸಿಗೆ ಬೈಕಿನಲ್ಲಿ ಹೋಗುವವನು, ಕಾರು ವಾರವೆಲ್ಲ ನಿಂತಲ್ಲೇ ನಿಂತಿರುತ್ತದೆ, ಪಕ್ಕದಲ್ಲೇ ಕಸದ ತೊಟ್ಟಿ. ಇಲಿಗೆ ಇನ್ನೇನು ಬೇಕು? ಮಗಳ ಫೋನು ಬಂತು. "ಅಪ್ಪಾ, ಗಾಡಿ ಸ್ಟಾರ್ಟೇ ಆಗ್ತಿಲ್ಲ, ಬರ್ತೀಯಾ?" ಅಣ್ಣ ಕೈಯಲ್ಲಿದ್ದ ಕೆಲಸವನ್ನು ಹಾಗೇ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು ಬಂದ. "ಇದಕ್ಕೊಂದು ಇಸ್ತ್ರಿ ಎಳಿ" ಅಂತ ನನ್ನ ಮುಂದೆ ನಿಂತ. ಬಾನೆಟ್ಟಿನೊಳಗೆ ಮಲಗಲು ಹೋಗುವ ಮನುಷ್ಯನಿಗೆ ಇಸ್ತ್ರಿ ಮಾಡಿದ ಅಂಗಿ! ಎಳೆದು ಕೊಟ್ಟೆ.

ಸಂಜೆ ಬಂದವನ ಮುಖವೇ ಬೇರೆಯಾಗಿತ್ತು. ಮೊಮ್ಮಗಳು ಪಕ್ಕದಲ್ಲೇ ಕೂತು ಕನ್ನಡಿ ಹಿಡಿದುಕೊಂಡಿದ್ದಳಂತೆ. ಮಗಳು ಎರಡು ಸಲ ಚಹಾ ಕೊಟ್ಟಳಂತೆ, ಊಟಕ್ಕೆ ಒಳಗೆ ಕೂರಿಸಿದಳಂತೆ. ಅಳಿಯ "ಮಾವ, ನೀವಿರೋದಕ್ಕೆ ಬಚಾವ್" ಅಂದನಂತೆ. ಇಷ್ಟನ್ನೂ ಅವನೇ ನಿಂತುಕೊಂಡು ಹೇಳಿದ. ಅಣ್ಣನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ನಾನು ಕೇಳಿದ್ದೇ ಮೊದಲು.

ಜಾಲರಿ ಆಮೇಲೆ ನೋಡೋಣ ಅಂತ ವೈರಷ್ಟೇ ಜೋಡಿಸಿ ಬಂದಿದ್ದ. ವೈರು ಸರಿಹೋಯಿತೇ ಹೊರತು ಇಲಿ ಎಲ್ಲಿ ಹೋಗಬೇಕು? ಸ್ವಲ್ಪ ದಿನಕ್ಕೆ ಮತ್ತೆ ಕಡಿಯಿತು, ಮತ್ತೆ ಫೋನು. ಅದಾದ ಮೇಲೆ ಇನ್ನೊಮ್ಮೆ. ಆ ಕಾಲದಲ್ಲಿ ನಮ್ಮ ಶೆಡ್ಡಿನಿಂದ ಸಿಳ್ಳೆ ಕೇಳಿಸುತ್ತಿತ್ತು. ನಮ್ಮ ಯಜಮಾನರು "ಇದೇನು, ನಿಮ್ಮಣ್ಣ ಸಿಳ್ಳೆ ಹೊಡೀತಾನೆ?" ಅಂತ ಬೆರಗಾದರು. ಇಲಿಗಳ ದಯೆಯಿಂದ ನಮ್ಮಣ್ಣ ಮನುಷ್ಯನಾಗುತ್ತಿದ್ದ.

ಆದರೆ ಅಳಿಯನಿಗೆ ಇದು ತಲೆನೋವು ತಾನೆ? ಮೂರನೆಯ ಸಲ ಅವನು, "ಮಾವ, ಪದೇಪದೇ ಹೀಗೇ ಆದ್ರೆ ಕಷ್ಟ. ಇನ್ನು ಬರದೇ ಇರೋ ಹಾಗೆ ಏನಾದ್ರೂ ಮಾಡಿಬಿಡಿ" ಅಂದ. ಆಯ್ತು ಅಂತ ಅಣ್ಣ ಜಾಲರಿಯ ಸುರುಳಿ ತೆಗೆದುಕೊಂಡು ಹೋದ. ಆವತ್ತು ತುಂಬ ತಡವಾಗಿ ಬಂದ. ನಾನೇ "ಮುಗೀತಾ?" ಅಂದೆ. "ಹೂಂ, ಮುಗೀತು" ಅಂದು ಮೇಲೆ ಹೋದ. ಸಿಳ್ಳೆ ನಿಂತಿತು. ಅವನು ಜಾಲರಿ ಕಟ್ಟಿದ ಗಾಡಿಗೆ ಮತ್ತೆ ಇಲಿ ಬಂದದ್ದೇ ಇಲ್ಲ, ಇದು ರಸ್ತೆಗೆಲ್ಲ ಗೊತ್ತಿರುವ ಮಾತು. ಪಾಪ, ತನ್ನ ಕೈಯಾರೆ ಬಾಗಿಲು ಹಾಕಿಕೊಂಡು ಬಂದ ಅಂತ ನನಗೆ ಸಂಕಟವಾಯಿತು.

ಅವನು ಮತ್ತೆ ಕಾಯತೊಡಗಿದ. ಫೋನನ್ನು ಶೆಡ್ಡಿನ ಗೂಡಿನಲ್ಲಿ ಎತ್ತರದಲ್ಲಿ ಇಟ್ಟುಕೊಳ್ಳುವುದು, ಯಾರದಾದರೂ ಕರೆ ಬಂದರೆ ಬಾನೆಟ್ಟಿಗೆ ತಲೆ ಬಡಿಸಿಕೊಂಡು ಎದ್ದು ಬರುವುದು, ನೋಡಿ ಮುಖ ಸಣ್ಣದು ಮಾಡಿಕೊಳ್ಳುವುದು. "ಅಷ್ಟು ಅನ್ನಿಸಿದ್ರೆ ಹೋಗಿ ನೋಡ್ಕೊಂಡು ಬಾ" ಅಂದರೆ "ಅವರಿಗೆ ಕೆಲಸ ಇರತ್ತೆ" ಅನ್ನುವನು.

ಒಂದು ಮಧ್ಯಾಹ್ನ ಟೇಪು ತರುತ್ತೇನೆಂದು ಅಂಗಡಿ ಬೀದಿಗೆ ಹೋದವನು ಬರಿಗೈಯಲ್ಲಿ ಬಂದ. ಶೆಡ್ಡಿನೊಳಗೆ ಹೋಗಿ ಕಾರಿಗೂ ಗೋಡೆಗೂ ನಡುವೆ ಸುಮ್ಮನೆ ನಿಂತ. ಬೆನ್ನು ನೋಡಿದೆ. ಸರಿಯಿಲ್ಲ ಅನ್ನಿಸಿತು.

"ಏನಾಯ್ತೋ?"

"ಅಳಿಯಂದಿರ ಗಾಡಿ ಸ್ಕ್ಯಾನರ್ ಹತ್ರ ನಿಂತಿದೆ."

ಸ್ಕ್ಯಾನರ್ ಅಂದರೆ ಅಂಗಡಿ ಬೀದಿಯ ಗ್ಯಾರೇಜಿನವನು. ಯಾವ ಗಾಡಿ ಬಂದರೂ ಮೊದಲು ಒಂದು ಪರದೆಯ ಯಂತ್ರ ಚುಚ್ಚಿ ನೋಡುತ್ತಾನೆ, ಅದಕ್ಕೇ ಆ ಹೆಸರು. ಒಳ್ಳೆಯ ಕೆಲಸಗಾರ. ಆದರೆ ಮನೆಯಲ್ಲೇ ಅಪ್ಪ ಇರುವಾಗ ಮಗಳ ಗಾಡಿ ಅವನ ಹತ್ತಿರ ಯಾಕೆ ಹೋಗಬೇಕು? ನನಗೆ ಮೈಯೆಲ್ಲ ಉರಿಯಿತು. ಸೊಸೆಗೆ ಫೋನ್ ಮಾಡಿ ಗ್ರಹಚಾರ ಬಿಡಿಸುತ್ತೇನೆ ಅಂತ ಎದ್ದೆ. ಸೊಸೆ ಅಂದರೆ ಅಣ್ಣನ ಮಗಳೇ, ನನಗೆ ಅವಳು ಸೋದರ ಸೊಸೆ. ಅಣ್ಣ ಕೈ ಅಡ್ಡ ಹಿಡಿದ. "ಬೇಡ, ಸುಮ್ನಿರು" ಅಂದ. ಆ ದನಿ ಕೇಳಿ ನಾನು ಮತ್ತೆ ಮೇಜಿನ ಹತ್ತಿರ ಹೋದೆ.

ಮರುದಿನ ಸ್ಕ್ಯಾನರ್ ತಾನೇ ಬಂದ. ಅಣ್ಣ ಯಾರದೋ ಮನೆಗೆ ಗಾಡಿ ನೋಡಲು ಹೋಗಿದ್ದ. ಸ್ಕ್ಯಾನರ್ ನನ್ನ ಮೇಜಿನ ಮುಂದೆ ತಲೆ ಕೆರೆಯುತ್ತಾ ನಿಂತ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಇಲಿಯಣ್ಣನ ಕಣ್ಣು ಒಂದ್ಸಲ ಡಾಕ್ಟ್ರಿಗೆ ತೋರಿಸಿ."

"ಅವನ ಕಣ್ಣಿಗೇನಾಗಿದೆ?"

"ಅವರ ಮಗಳು ಮೇಲ್ಸೇತುವೆ ಮೇಲೆ ಹೋಗ್ತಿದ್ದಾಗ ಗಾಡಿ ಆಫ್ ಆಗಿದೆ. ಮಗೂನೂ ಜೊತೇಲಿತ್ತು. ಹಿಂದೆ ಲಾರಿಗಳು ಹಾರ್ನ್ ಹೊಡ್ಕೊಂಡು ನಿಂತಿವೆ. ಉರಿ ಬಿಸಿಲು. ಎಳ್ಕೊಂಡು ನನ್ನ ಹತ್ರ ತಂದ್ರು. ನೋಡಿದ್ರೆ ಇಲಿ ಕಡಿದಿದೆ. ಇಲಿಯಣ್ಣನ ಜಾಲರಿ ಎಲ್ಲಾ ಕಡೆ ಇದೆ ಅಕ್ಕ, ಎಂಥಾ ಕೆಲಸ ಅಂತೀರಿ, ನೋಡ್ತಾನೇ ನಿಂತೆ. ಆದ್ರೆ ಎಡಗಡೆ ಚಕ್ರದ ಹಿಂದೆ ಒಂದು ಸಂದು ಹಾಗೇ ಬಿಟ್ಟುಹೋಗಿದೆ. ಇಷ್ಟು ಅಗಲ." ಅವನು ಹೆಬ್ಬೆರಳು ಎತ್ತಿ ತೋರಿಸಿದ. "ಅವರು ಮರೆಯೋರಲ್ಲ. ಕಣ್ಣಿಗೆ ಕಂಡಿಲ್ಲ ಅಷ್ಟೇ. ಅಳಿಯಂದಿರಿಗೂ ಅದನ್ನೇ ಹೇಳ್ದೆ, ವಯಸ್ಸಾಯ್ತು, ಪಾಪ ಅಂತ. ನಾನು ಹರಿದ ವೈರು ಜೋಡಿಸಿ ಕೊಟ್ಟಿದ್ದೀನಿ. ಆ ಸಂದು ಮುಚ್ಚೋಕೆ ಮಾತ್ರ ಕೈ ಬರ್ಲಿಲ್ಲ. ಅವರ ಕೆಲಸ, ಅವರೇ ಮುಚ್ಚಲಿ."

ನನ್ನ ಕೈಯ ಕೆಳಗೆ ಒಂದು ಬಿಳಿ ಅಂಗಿ ಕರಟಿತು. ಅಣ್ಣನ ಕಣ್ಣು ನನಗೆ ಗೊತ್ತು. ನನ್ನ ಮೇಜಿನ ಕೆಳಗೆ ಬಿದ್ದ ಗುಂಡಿಯನ್ನು ಅವನು ರಸ್ತೆಯಿಂದಲೇ ನೋಡಿ ಹೇಳುತ್ತಾನೆ.

ಅವನು ಬಂದು ಮೇಲೆ ಹೋದ ಮೇಲೆ ನಾನೂ ಹಿಂದೆಯೇ ಹೋದೆ. ಬಾಗಿಲು ಮುಂದೆ ಮಾಡಿ, ನೇರವಾಗಿ ಕೇಳಿದೆ. "ಎಡಗಡೆ ಚಕ್ರದ ಹಿಂದೆ ಯಾಕೆ ಬಿಟ್ಟೆ?"

ಅವನು ಉಗುರಿನ ಸಂದಿಯ ಮಸಿ ತೆಗೆಯುತ್ತಾ ಕೂತ. "ಜಾಲರಿ ಕತ್ತರಿಸಿ ಇಟ್ಕೊಂಡಿದ್ದೆ. ಸರಿಯಾದ ಅಳತೆಗೇ ಕತ್ತರಿಸಿದ್ದೆ. ಆಮೇಲೆ ಕೈ ಬರ್ಲಿಲ್ಲ" ಅಂದ.

"ಅಂದ್ರೆ?"

"ಮತ್ತೆ ಕರೀತಾಳೆ ಅನ್ಕೊಂಡೆ."

ಗಾಡಿ ಮನೆ ಮುಂದೆಯೇ ಸ್ಟಾರ್ಟ್ ಆಗದೆ ನಿಲ್ಲುತ್ತದೆ ಅಂತ ಅವನ ಲೆಕ್ಕ. ಹಿಂದಿನ ಮೂರು ಸಲವೂ ಹಾಗೇ ಆಗಿತ್ತು. ಸೇತುವೆಯ ಮೇಲೆ, ಲಾರಿಗಳ ಮುಂದೆ, ಮಗು ಕೂತಿರುವಾಗ ನಿಲ್ಲಬಹುದು ಅಂತ ಆ ಮಂಕುತಲೆಗೆ ಹೊಳೆದಿರಲಿಲ್ಲ. ಊರಿನ ಗಾಡಿಗಳಿಗೆಲ್ಲ ಬುದ್ಧಿ ಹೇಳುವವನು ತನ್ನ ಮಗಳ ಗಾಡಿಗೆ ಇಲಿಯನ್ನು ತಾನೇ ಕರೆದು ಕೂರಿಸಿದ್ದ. ಅದೂ ಯಾಕೆ? ಎರಡು ಲೋಟ ಚಹಾ, ಒಂದು ಹೊತ್ತಿನ ಊಟ, ಪಕ್ಕದಲ್ಲಿ ಕನ್ನಡಿ ಹಿಡಿದು ಕೂರುವ ಮೊಮ್ಮಗಳಿಗಾಗಿ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಸಿಟ್ಟನ್ನಷ್ಟೇ ತೋರಿಸಿ ಇಳಿದು ಬಂದೆ.

ಆ ಭಾನುವಾರ ಸೊಸೆ ಬಂದಳು. ಅಮ್ಮನ ಸಾವಿನ ದಿನಗಳು ಕಳೆದ ಮೇಲೆ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಮೇಲೆ ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಅವಳ ಕಣ್ಣು ತುಂಬಿತು. ನಾನು ಚಹಾ ಹಿಡಿದುಕೊಂಡು ಹೋಗುವಷ್ಟರಲ್ಲಿ ಅವಳು ಅಪ್ಪನ ಕೈ ಹಿಡಿದುಕೊಂಡು ಕೂತಿದ್ದಳು.

"ಅಪ್ಪಾ, ಸಾಕು ಈ ಕೆಲಸ. ಇಷ್ಟು ವರ್ಷ ದುಡಿದದ್ದು ಸಾಕು. ಕಣ್ಣು ಕಾಣದೇ ಇದ್ರೂ ಯಾಕೆ ಹೇಳ್ಲಿಲ್ಲ ನೀನು? ನಾವೂ ವಿಚಾರಿಸ್ಲಿಲ್ಲ, ತಪ್ಪು ನಮ್ಮದೇ. ಅವರೂ ಒಪ್ಪಿದ್ದಾರೆ. ಹಿಂದಿನ ಕೋಣೆ ಖಾಲಿ ಇದೆ. ನಮ್ಮ ಜೊತೆಗೇ ಬಂದುಬಿಡು."

ಇವನು ಬೇಡಿಕೊಂಡದ್ದಕ್ಕಿಂತ ಹೆಚ್ಚೇ ಕೈಗೆ ಬಂದು ಬಿದ್ದಿದೆ. ಇನ್ನು ಬಾಯಿ ಮುಚ್ಚಿಕೊಂಡು "ಹೂಂ" ಅಂದರೆ ಸಾಕು. ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದವನಿಗೆ ಅದೇನು ದೊಡ್ಡ ಕೆಲಸ? ನಾನು ಸೊಸೆಯ ಬೆನ್ನ ಹಿಂದೆ ನಿಂತು ಅವನಿಗೆ ಕಣ್ಸನ್ನೆ ಮಾಡಿದೆ, ತಲೆಯಾಡಿಸಿದೆ, ತುಟಿಯ ಮೇಲೆ ಬೆರಳಿಟ್ಟೆ. ಅವನು ನನ್ನ ಕಡೆ ನೋಡಿದ. ಎಲ್ಲವೂ ಅರ್ಥವಾಯಿತು ಅವನಿಗೆ. ಆಮೇಲೆ ಅಳುತ್ತಿದ್ದ ಮಗಳನ್ನು ನೋಡಿದ.

"ಕಣ್ಣು ಚೆನ್ನಾಗೇ ಇದೆ ಮಗಾ. ಅಳಬೇಡ."

"ಸುಮ್ನೆ ಹೇಳ್ಬೇಡ. ಅವರು ಎಲ್ಲಾ ಹೇಳಿದ್ರು. ಸಂದು ಕಾಣಿಸ್ದೆ ಬಿಟ್ಟುಹೋಗಿದೆ ಅಂತ."

"ಕಾಣಿಸ್ತು. ಬೇಕಂತಲೇ ಬಿಟ್ಟೆ."

ಅವಳಿಗೆ ಅರ್ಥವಾಗಲಿಲ್ಲ. ನಾನು ಮಧ್ಯೆ ಬಾಯಿ ಹಾಕಿ "ಏನೋ ಹೇಳ್ತಾನೆ ಬಿಡಮ್ಮ, ಚಹಾ ಕುಡಿ" ಅಂದೆ. ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. "ಪೂರ್ತಿ ಮುಚ್ಚಿಬಿಟ್ರೆ ನೀನು ಮತ್ತೆ ಕರೆಯೋದಿಲ್ಲ ಅಂತ ಬಿಟ್ಟೆ."

ಅವಳು ಹಿಡಿದಿದ್ದ ಕೈಯನ್ನು ಬಿಟ್ಟಳು.

"ಮಗು ಕೂತಿದ್ಲು ಅಪ್ಪ ಅದ್ರಲ್ಲಿ."

"ಗೊತ್ತಾಯ್ತು."

"ಹಿಂದೆ ಲಾರಿ ಎಷ್ಟು ಹತ್ರ ಬಂದು ನಿಂತಿತ್ತು ಗೊತ್ತಾ ನಿಂಗೆ? ಇಳಿಯೋದಕ್ಕೂ ಭಯ, ಕೂರೋದಕ್ಕೂ ಭಯ. ಅವಳು ಕಿರುಚಿಕೊಂಡು ಅಳ್ತಿದ್ಲು."

ಅಣ್ಣ ತಲೆ ತಗ್ಗಿಸಿಕೊಂಡೇ ಕೂತಿದ್ದ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಹೋದಳು. ಚಹಾ ಹಾಗೇ ಇತ್ತು. ಹಿಂದಿನ ಕೋಣೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ನಾನು ಸುಮ್ಮನಿರುವವಳೇ? "ನಿನ್ನ ಬಾಯಿಗೆ ಮಣ್ಣು ಹಾಕ! ಹೂಂ ಅಂದಿದ್ರೆ ನಾಳೆಯಿಂದ ಮೊಮ್ಮಗಳ ಜೊತೆ ಕೂತು ಊಟ ಮಾಡ್ತಿದ್ದೆ. ಅವಳಾಗಿ ಬಂದು ಕರೆದ್ರೆ ನಿಂಗೇನಾಗಿತ್ತು ದಾಡಿ?"

"ನನ್ನ ಕಣ್ಣು ಹೋಯ್ತು ಅಂತ ಅಳ್ತಿದ್ಲು ಕಣೇ. ಹೋಗದೇ ಇರೋ ಕಣ್ಣಿಗೆ ಅವಳನ್ನ ಅಳ್ಸೋದು ಹೇಗೆ?"

ತಣ್ಣಗಾದ ಚಹಾವನ್ನು ನಾನೇ ಕುಡಿದು ಲೋಟ ತೆಗೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆ ಅವನು ಯಾರೂ ಕರೆಯದೆ ಮಗಳ ಮನೆಗೆ ಹೊರಟ. ಒಬ್ಬನನ್ನೇ ಕಳಿಸಲು ಮನಸ್ಸು ಬರದೆ ನಾನೂ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋದೆ. ಅಳಿಯ ಗೇಟು ತೆಗೆದ. "ಬನ್ನಿ ಮಾವ" ಅಂದ, ಆದರೆ ಎಲ್ಲಿಗೆ ಬನ್ನಿ ಅಂತ ಅವನಿಗೂ ತಿಳಿಯಲಿಲ್ಲ. ಅಣ್ಣ ಕಾರಿನ ಹತ್ತಿರವೇ ನಿಂತ. ಚಕ್ರ ಬಿಚ್ಚಿ, ಪ್ಲಾಸ್ಟಿಕ್ ಹೊದಿಕೆ ಕಳಚಿ, ನೆಲದ ಮೇಲೆ ಬೆನ್ನು ಹಾಸಿ ಒಳಗೆ ಸರಿದುಕೊಂಡ. ಹೊರಗೆ ಕಾಲುಗಳಷ್ಟೇ ಕಾಣುತ್ತಿದ್ದವು.

ನಾನು ಒಳಗೆ ಹೋದೆ. ಸೊಸೆ ಅಡುಗೆಮನೆಯಲ್ಲಿ ಆಗಲೇ ತೊಳೆದಿದ್ದ ಪಾತ್ರೆಗಳನ್ನೇ ತೊಳೆಯುತ್ತಿದ್ದಳು. ನನ್ನ ಕಡೆ ತಿರುಗದೆಯೇ ಅಂದಳು. "ನೋಡ್ಬೇಕು ಅನ್ನಿಸಿದ್ರೆ ಬಾಯ್ಬಿಟ್ಟು ಹೇಳ್ಬಹುದಿತ್ತಲ್ಲ ಅತ್ತೆ. ಇಲಿ ಬಿಡೋದಾ?"

"ಬಾಯ್ಬಿಟ್ಟು ಹೇಳೋದನ್ನ ನಿಮ್ಮಪ್ಪ ಯಾವತ್ತು ಕಲಿತಿದ್ದಾನೆ? ಅವನ ಪಾಲಿಂದೂ ನಿಮ್ಮಮ್ಮನೇ ಹೇಳ್ತಿದ್ಲು. ಇರ್ಲಿ, ತಪ್ಪು ಅವನದೇ, ನಾನೂ ಬೈದಿದ್ದೀನಿ. ಆದ್ರೆ ನೀನು ಹೇಳು. ಅಮ್ಮ ಹೋದ ಮೇಲೆ ಗಾಡಿ ಕೆಡದೇ ಇದ್ದಾಗ ಒಂದ್ಸಲ, ಒಂದೇ ಸಲ, ಅವನಿಗೆ ಫೋನ್ ಮಾಡಿದ್ದೀಯಾ?"

ಅವಳು ನಲ್ಲಿ ನಿಲ್ಲಿಸಿದಳು. ಹೊರಗೆ ಅಣ್ಣ ಜಾಲರಿ ಬಿಗಿಯುವ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು.

ಅವನು ಆವತ್ತು ಮಾಡಿದ ಕೆಲಸ ನೋಡಬೇಕಿತ್ತು. ಬಿಟ್ಟ ಸಂದಿಗೆ ಎರಡು ಪದರ ಜಾಲರಿ ಮಡಿಸಿ ಕೂರಿಸಿದ. ಹಳೆಯ ಜಾಲರಿಗಳನ್ನೂ ಒಂದೊಂದಾಗಿ ಎಳೆದು ನೋಡಿದ. ಇಂಜಿನ್ನನ್ನೆಲ್ಲ ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಬಗ್ಗಿ ಮೂಸಿ ನೋಡಿದ. ಕಸದ ತೊಟ್ಟಿಯನ್ನು ತಾನೇ ಎಳೆದುಕೊಂಡು ಹೋಗಿ ಗೋಡೆಯ ಆ ಕೊನೆಗೆ ಇಟ್ಟ. "ದಿನಾ ಒಂದು ಸುತ್ತು ಓಡ್ಸಿ. ನಿಲ್ಲಿಸ್ಬೇಡಿ" ಅಂತ ಅಳಿಯನಿಗೆ ಹೇಳಿದ. ಸೊಸೆ ಒಂದು ಲೋಟ ನೀರು ತಂದು ಅವನ ಪಕ್ಕ, ಮೆಟ್ಟಿಲ ಮೇಲೆ ಇಟ್ಟಳು. ಅವನು ಕುಡಿದ. ಆ ಗಾಡಿಯಲ್ಲಿ ಇನ್ನು ಇಲಿಗೆ ಕಾಲಿಡಲು ಜಾಗವಿರಲಿಲ್ಲ, ಆ ಮನೆಯಲ್ಲಿ ಅವನಿಗೂ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯ ಕಡೆಗೇ ತಿರುಗಿ ಕೂತಿದ್ದ.

ಮತ್ತೆ ಅದೇ ಕುರ್ಚಿಯ ಸದ್ದು, ಅದೇ ನಲ್ಲಿಯ ಸದ್ದು. ಫೋನನ್ನು ಎತ್ತರದಲ್ಲಿ ಇಡುವುದನ್ನೂ ಬಿಟ್ಟ. ಗಾಡಿ ಕೆಡುವುದಿಲ್ಲ ಅಂತ ಅವನಿಗೆ ಅವನ ಕೈಯ ಮೇಲೆ ನಂಬಿಕೆ ಇತ್ತು. ಆ ನಂಬಿಕೆಯೇ ಅವನನ್ನು ಕೊಲ್ಲುತ್ತಿತ್ತು. ಮಳೆ ಬಂದು ಹೋಯಿತು. ಇಲಿಗಳು ಬೆಚ್ಚಗಿನ ಜಾಗ ಹುಡುಕುವ ಚಳಿ ಶುರುವಾಗಿ ಶೆಡ್ಡಿನ ಮುಂದೆ ಗಾಡಿಗಳ ಸಾಲು ಬೆಳೆಯಿತು. ಅಳಿಯನ ಗಾಡಿ ಆ ಸಾಲಿನಲ್ಲಿರಲಿಲ್ಲ.

ಒಂದು ಸಂಜೆ ಅವನ ಅಂಗಿಗಳನ್ನು ಮಡಿಸಿಕೊಂಡು ಮೇಲೆ ಹೋಗಿದ್ದೆ. ಮಂಚದ ಮೇಲಿದ್ದ ಫೋನು ಬಡಿದುಕೊಂಡಿತು. ಮಗಳದು. ಅವನು ಎದ್ದು ನಿಂತ. ಕೈಯಲ್ಲಿ ಮಸಿ ಇಲ್ಲದಿದ್ದರೂ ಅಭ್ಯಾಸಬಲದಿಂದ ಪಂಚೆಗೆ ಒರೆಸಿಕೊಂಡು, ಸ್ಪೀಕರಿಗೆ ಹಾಕಿದ. ಕೆಲಸದ ಕೈಯಿಂದ ಕಿವಿಗೆ ಹಿಡಿಯಲು ಆಗದೆ ಅವನು ಯಾವಾಗಲೂ ಮಾತಾಡುವುದು ಹಾಗೇ.

"ಏನಾಯ್ತು?" ಅಂದ ಮೊದಲಿಗೇ.

"ಏನೂ ಆಗಿಲ್ಲ ಅಪ್ಪ."

"ಸ್ಟಾರ್ಟ್ ಆಗ್ತಿಲ್ವಾ?"

"ಆಗ್ತಿದೆ."

"ಲೈಟು?"

"ಎಲ್ಲಾ ಚೆನ್ನಾಗಿದೆ."

ಆ ಕಡೆ ಮಗುವಿನ ದನಿ ದೂರದಲ್ಲಿ ಕೇಳಿಸಿತು. ನಮ್ಮಣ್ಣ ಹುಬ್ಬು ಗಂಟಿಕ್ಕಿ, ನಿಜವಾಗಿಯೂ ತಿಳಿಯದೆ, ಕೇಳಿಯೇಬಿಟ್ಟ.

"ಮತ್ತೆ ಯಾಕೆ ಫೋನ್ ಮಾಡ್ದೆ?"

ನಾನು ಹಣೆ ಚಚ್ಚಿಕೊಂಡೆ.

"ಸುಮ್ನೆ" ಅಂದಳು ಅವಳು.

"ಓ. ಬ್ಯಾಟರೀಲಿ ನೀರು ನೋಡಿಸ್ತಿರು."

"ಹೂಂ."

"ಕಸದ ತೊಟ್ಟಿ ಮತ್ತೆ ಹತ್ರ ತಂದಿಟ್ಟಿಲ್ಲ ತಾನೆ?"

"ಇಲ್ಲ ಅಪ್ಪ." ಅವಳು ಇನ್ನೂ ಸ್ವಲ್ಪ ಕಾದಳು. "ಸರಿ, ಇಡ್ಲಾ?"

"ಹೂಂ, ಇಡು."

ಫೋನು ಆರಿತು. ಅವನು ಅದನ್ನು ಹಿಡಿದುಕೊಂಡೇ ಮೆಲ್ಲಗೆ ಕೂತ. "ಸುಮ್ನೆ ಅಂದ್ಲು" ಅಂದ ನನಗೆ, ನಾನು ಅಲ್ಲೇ ನಿಂತಿದ್ದರೂ.

"ಕೇಳಿಸ್ತು. ಕಿವಿ ಇದೆ ನಂಗೆ, ನಿಂಗಿಲ್ಲದೇ ಇದ್ರೂ. ಈಗ ನೀನು ಮಾಡು. ಈಗಲೇ. ಅವಳು ಫೋನ್ ಕೈಲಿ ಹಿಡ್ಕೊಂಡೇ ಕೂತಿರ್ತಾಳೆ."

ಅವನು ಹೆಬ್ಬೆರಳನ್ನು ಮಗಳ ಹೆಸರಿನ ಮೇಲೆ ತಂದ. ಒತ್ತಲಿಲ್ಲ. ಕೋಣೆಯ ನಾಲ್ಕೂ ಕಡೆ ಕಣ್ಣಾಡಿಸಿದ. ಕುರ್ಚಿ, ದೀಪ, ನಲ್ಲಿ, ಕಿಟಕಿ, ಎಲ್ಲವೂ ಸರಿಯಾಗಿದ್ದವು.

"ಏನಂತ ಮಾಡ್ಲೇ?" ಅಂದ. "ನನ್ನ ಹತ್ರ ಏನೂ ಕೆಟ್ಟಿಲ್ಲವಲ್ಲ."